ಗುಡ್ಡದ ಮೇಲಿನ ದುರ್ಬೀನು

ಇನ್ನೊಬ್ಬ ಗಂಡಸು ಒಳಗೆ ಹೋದ.

ದುರ್ಬೀನಿನವನು ಹಲ್ಲು ಕಡಿದ. ಗುಡ್ಡದ ತುದಿಯಲ್ಲಿ ನಿಂತು ಪ್ರವಾಸಿಗರಿಗೆ ಊರು ತೋರಿಸುವುದು ಅವನ ಕೆಲಸ. ಎಡಕ್ಕೆ ಹಡಗಿನ ಬಂದರು, ಬಲಕ್ಕೆ ದೀಪಸ್ತಂಭ, ನಡುವೆ ಜೋಡಿಬಂಡೆ. ನೋಡದೆ ಹೋದರೆ ಬಂದದ್ದೇ ದಂಡ ಎಂದು ದಿನವಿಡೀ ಗಂಟಲು ಹರಿದುಕೊಳ್ಳುತ್ತಿದ್ದ. ಜನ ಬದಲಾಗುವ ಸಂದಿನಲ್ಲಿ ಮಾತ್ರ ದುರ್ಬೀನು ಕೆಳಗಿನ ಬೀದಿಗೆ, ಅವನ ಸ್ವಂತ ಮನೆಯ ಬಾಗಿಲಿಗೆ ತಿರುಗುತ್ತಿತ್ತು. ಮದುವೆಯಾದಂದಿನಿಂದ ಇದೇ ರೂಢಿ. ಹೆಂಡತಿ ತರಕಾರಿ ತರಲು ಹೋಗಿ ತಡಮಾಡಿದರೆ ಸಂಜೆ ವಿಚಾರಣೆ. ಪಕ್ಕದ ಮನೆಯವನ ಜೊತೆ ನಕ್ಕರೂ ವಿಚಾರಣೆ.

"ಎಲ್ಲಾ ಹೇಗೆ ಗೊತ್ತಾಗುತ್ತೆ ನಿಮಗೆ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಗಂಡನಾದವನಿಗೆ ಗೊತ್ತಾಗುತ್ತೆ," ಎಂದಿದ್ದ.

ಈಚೆಗೆ ಅವಳಿಗೆ ಭಯವೇ ಇಲ್ಲ. ಬಾಗಿಲಲ್ಲೇ ನಿಂತು ಬಂದವರನ್ನು ನಗುನಗುತ್ತಾ ಒಳಗೆ ಕರೆಯುತ್ತಾಳೆ. ಟೋಪಿಯವರು, ಕಪ್ಪು ಕನ್ನಡಕದವರು, ಹೆಗಲಿಗೆ ಚೀಲ ಹಾಕಿದವರು. ಸ್ವಲ್ಪ ಹೊತ್ತಿಗೆ ಮಹಡಿಯ ಕೋಣೆಯ ಪರದೆ ಅಲುಗುತ್ತದೆ. ಹೊರಬಂದವರು ಗುಡ್ಡದತ್ತ ಒಮ್ಮೆ ಕತ್ತೆತ್ತಿ ನೋಡಿ ನಗುತ್ತಾ ಹೋಗುತ್ತಾರೆ. ಗಂಡ ಎಲ್ಲಿದ್ದಾನೆ ಎಂಬುದನ್ನೂ ಹೇಳಿಕೊಟ್ಟಿದ್ದಾಳೆ, ಮಾನಗೆಟ್ಟವಳು.

"ಏನಪ್ಪಾ, ನಮಗೂ ತೋರಿಸ್ತೀಯೋ, ನೀನೇ ನೋಡ್ತಾ ನಿಲ್ತೀಯೋ?" ಸಾಲಿನಲ್ಲಿದ್ದ ಅಜ್ಜಿ ಗದರಿದಳು.

"ನೋಡೋಕೆ ಏನೂ ಉಳಿದಿಲ್ಲ, ಹೋಗಿ."

ಪರದೆ ಮತ್ತೆ ಅಲುಗಿತು. ಅವನ ಪಿತ್ತ ನೆತ್ತಿಗೇರಿತು. ದುರ್ಬೀನನ್ನು ಹಾಗೇ ಬಿಟ್ಟು, ಎದ್ದೆನೋ ಬಿದ್ದೆನೋ ಎಂದು ಗುಡ್ಡ ಇಳಿದ. ಇವತ್ತು ಇತ್ಯರ್ಥ ಆಗಲೇಬೇಕು. ಅವಳನ್ನು ತವರಿಗೆ ಅಟ್ಟುವುದೇ ಸೈ.

ಮಹಡಿಯ ಬಾಗಿಲನ್ನು ಒದೆಯಲು ಕಾಲೆತ್ತಿದ. ಅದು ತೆರೆದೇ ಇತ್ತು. ಒಳಗೆ ಜನ ಸಾಲಾಗಿ ನಿಂತಿದ್ದರು. ಗಂಡಸರನ್ನಷ್ಟೇ ಹುಡುಕುತ್ತಿದ್ದ ಅವನ ಕಣ್ಣಿಗೆ ಬೀಳದಿದ್ದ ಹೆಂಗಸರು, ಮಕ್ಕಳೂ ಇದ್ದರು. ಪರದೆಯ ಸಂದಿಗೆ ಒಂದು ಹಳೆಯ ದುರ್ಬೀನು. ಅದರ ಪಕ್ಕ, ಬಾಗಿಲಿಗೆ ಬೆನ್ನು ಹಾಕಿ, ಹೆಂಡತಿ.

"ಬಂದರು ನೋಡಿದ್ರಿ, ಬಂಡೆ ನೋಡಿದ್ರಿ." ಅವಳ ದನಿ ಸಿಟ್ಟಿನಿಂದ ಬಿಗಿದಿತ್ತು. "ಈಗ ಗುಡ್ಡದ ಮೇಲೆ ನೋಡಿ. ಈ ಊರಲ್ಲಿ ನೋಡಲೇಬೇಕಾದದ್ದು ಅದೇ. ಎದುರಿಗೆ ಇಡೀ ಸಮುದ್ರ ಇಟ್ಕೊಂಡು, ಹಗಲೆಲ್ಲಾ ಹೆಂಡತಿ ಬಾಗಿಲು ಕಾಯೋ ಗಂಡ."

"ಅಲ್ಲಿ ಯಾರೂ ಕಾಣಿಸ್ತಿಲ್ವಲ್ಲ ಅಕ್ಕಾ," ಎಂದ ದುರ್ಬೀನಿಗೆ ಕಣ್ಣಿಟ್ಟಿದ್ದ ಟೋಪಿಯವನೊಬ್ಬ.

"ಹಾಗಾದ್ರೆ ಹಿಂದೆ ತಿರುಗಿ ನೋಡಿ, ಬಂದಿರ್ತಾರೆ," ಎಂದಳು ಅವಳು, ತಾನು ಮಾತ್ರ ತಿರುಗದೆ.