ಪರೀಕ್ಷಕರ ಪರೀಕ್ಷೆ

ಪ್ರಾಕ್ಟಿಕಲ್ ಪರೀಕ್ಷೆಗೆ ಎಂದಿನಂತೆ ಈ ವರ್ಷವೂ ಬೇರೆ ಕಾಲೇಜಿನಿಂದ ಬಂದಿದ್ದ ಮೇಷ್ಟ್ರು ಇಂಚರಳ ಕಂಪ್ಯೂಟರಿನ ಮುಂದೆ ಕುಳಿತರು. ಫೈಲಿನ ಹೆಸರು ಕೊಟ್ಟರೆ ಅದರಲ್ಲಿ ಎಷ್ಟು ಸಾಲುಗಳಿವೆ ಎಂದು ಎಣಿಸಿ ಹೇಳುವ ಶೆಲ್ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆಯುವುದು ಅವಳಿಗೆ ಬಂದಿದ್ದ ಪ್ರಶ್ನೆ.

ಮೇಷ್ಟ್ರು ಹೆಸರನ್ನೇ ಕೊಡದೆ ಎಂಟರ್ ಒತ್ತಿದರು.

'ದಯವಿಟ್ಟು ಒಂದು ಫೈಲಿನ ಹೆಸರು ಕೊಡಿ' ಎಂದಿತು ಪರದೆ.

ಎರಡು ಹೆಸರು ಕೊಟ್ಟರು. 'ಒಂದೇ ಸಾಕು' ಎಂದಿತು. ಇಲ್ಲದ ಫೈಲಿನ ಹೆಸರು ಕೊಟ್ಟರು. 'ಅಂಥ ಫೈಲೇ ಇಲ್ಲ' ಎಂದಿತು.

"ಪರ್ವಾಗಿಲ್ವಲ್ಲಮ್ಮ! ಪ್ರತಿ ವರ್ಷ ಎಲ್ಲರೂ ಇಲ್ಲೇ ಮುಗ್ಗರಿಸ್ತಾರೆ."

"ಹದಿನೈದು ದಿನದಿಂದ ಇದನ್ನೇ ಅಭ್ಯಾಸ ಮಾಡಿದೀನಿ ಸರ್."

ಪೂರ್ತಿ ಅಂಕ ಕೊಡಲು ಪೆನ್ನು ತೆಗೆದ ಮೇಷ್ಟ್ರಿಗೆ ಅದೇನನ್ನಿಸಿತೋ, ನಿಜವಾಗಿಯೂ ಇರುವ ಫೈಲೊಂದರ ಹೆಸರು ಕೊಟ್ಟು ಎಂಟರ್ ಒತ್ತಿದರು. ಪರದೆಯ ಮೇಲೆ ಏನೂ ಬರಲಿಲ್ಲ.

"ಎಷ್ಟು ಸಾಲು ಅಂತ ಹೇಳ್ತಾನೇ ಇಲ್ವಲ್ಲಮ್ಮ ಇದು?"

ಇಂಚರ ತಲೆ ತಗ್ಗಿಸಿದಳು.

"ಆ ಭಾಗ ಬರ್ದಿಲ್ಲ ಸರ್. ನೀವು ಯಾವತ್ತೂ ಸರಿಯಾದ ಹೆಸರು ಕೊಡೋದೇ ಇಲ್ಲ ಅಂತ ಸೀನಿಯರ್ಸ್ ಹೇಳಿದ್ರು."