ಕೆಂಪು ಸ್ವೆಟರ್

ಹಗ್ಗ ಕಿತ್ತುಕೊಂಡು ಬಂದ ಗೂಳಿ ಓಣಿಯ ನಡುವೆ ನಿಂತಾಗ, ಕೆಂಪು ಸ್ವೆಟರ್ ತೊಟ್ಟ ಮೊಮ್ಮಗಳು ಅದರೆದುರೇ ಸಿಕ್ಕಿಬಿದ್ದಿದ್ದಳು. “ಸ್ವೆಟರ್ ಬಿಚ್ಚಿ ಎಸಿಯೇ” ಎಂದು ಮಹಡಿಯಿಂದ ಯಾರೋ ಕೂಗಿದರು. ಹುಡುಗಿಯ ಕೈ ಗುಂಡಿಗೆ ಹೋಯಿತು. ಗೂಳಿ ತಲೆ ತಗ್ಗಿಸಿತು.

ದನದ ಆಸ್ಪತ್ರೆಯಲ್ಲಿ ಅರ್ಧ ಆಯಸ್ಸು ಸವೆಸಿದ್ದ ಅಜ್ಜಿ ಮನೆ ಬಾಗಿಲಿಂದ ಓಣಿಗಿಳಿದು ಕೂಗಿದಳು. “ಬಿಚ್ಚಬೇಡ ಪುಟ್ಟಿ. ಅದಕ್ಕೆ ಕೆಂಪು ಗೊತ್ತಾಗಲ್ಲ, ಅಲ್ಲಾಡಿದ್ರೆ ಮಾತ್ರ ಮೇಲೆ ಬರುತ್ತೆ. ಸುಮ್ನೆ ನಿಂತ್ಕೋ.”

ಹುಡುಗಿ ಉಸಿರು ಬಿಗಿಹಿಡಿದು ನಿಂತಳು. ಗೂಳಿ ಮಾತ್ರ ಅವಳಿಂದ ಕಣ್ಣು ಕೀಳಲಿಲ್ಲ. ಅಜ್ಜಿ ತನ್ನ ಬಿಳಿ ಶಾಲನ್ನು ಜೋರಾಗಿ ಬೀಸುತ್ತ, ನೋಯುವ ಮಂಡಿಯಲ್ಲೇ ಎದುರುಮನೆಯ ಗೇಟಿನತ್ತ ಕುಂಟುತ್ತ ಓಡಿದಳು. ಗೂಳಿ ಅವಳ ಬೆನ್ನು ಹತ್ತಿತು.

ಒಳಗೆ ಬಿದ್ದು ಗೇಟನ್ನು ಎಳೆದುಕೊಳ್ಳುವಷ್ಟರಲ್ಲಿ ಕಂಬಿಗೆ ಕೊಂಬು ಬಡಿದ ಸದ್ದು ಕೇಳಿತು. “ಸದ್ಯ, ನನ್ನ ಹಿಂದೇನೇ ಬಂತು” ಎಂದುಕೊಂಡು ಅಜ್ಜಿ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು.