ಫ್ಯಾನಿಲ್ಲದ ಕೋಣೆ

ಬಾಡಿಗೆಗಿದ್ದ ಖಾಲಿ ಮನೆಯೊಂದರ ಹಾಲ್‌ನಲ್ಲಿ ನಿಂತು ಬ್ರೋಕರ್, ಕೆಲಸ ಕೇಳಿಕೊಂಡು ಬಂದಿದ್ದ ಅವಳಿಗೆ ಪರೀಕ್ಷೆ ಇಟ್ಟ.

"ನಾನು ಮನೆ ನೋಡೋಕೆ ಬಂದ ಪಾರ್ಟಿ, ನೀವು ಏಜೆಂಟು. ಉತ್ತರ ಸರಿಯಾಗಿದ್ರೆ ನಾಳೆಯಿಂದ್ಲೇ ಕೆಲಸಕ್ಕೆ ಬನ್ನಿ."

"ಕೇಳಿ ಸಾರ್."

"ಬಾಡಿಗೆ ಯಾಕಮ್ಮ ಇಷ್ಟು ಕಮ್ಮಿ?"

"ಓನರ್‌ಗೆ ದುಡ್ಡಿಗಿಂತ ಒಳ್ಳೆ ಫ್ಯಾಮಿಲಿ ಮುಖ್ಯ ಸಾರ್. ನಿಮ್ಮನ್ನ ನೋಡಿದ್ರೆ ಖಂಡಿತ ಒಪ್ಕೋತಾರೆ."

ಅವನು ತಲೆದೂಗಿ, ಒಳಗಿನ ಸಣ್ಣ ಕೋಣೆಯ ಬಾಗಿಲು ತೆರೆದ. ಹೊಸ ಪೇಂಟಿನ ವಾಸನೆ ಮೂಗಿಗೆ ಬಡಿಯಿತು.

"ಇಡೀ ಮನೆಗೆ ಹಳೇ ಬಣ್ಣ, ಇದೊಂದು ರೂಮಿಗೆ ಮಾತ್ರ ಹೊಸದು. ಎಲ್ಲಾ ಕಡೆ ಫ್ಯಾನಿದೆ, ಇಲ್ಲಿ ಕೊಕ್ಕೆ ಕೂಡ ಇಲ್ಲ. ಯಾಕೆ?"

ಅವಳು ಒಂದು ಕ್ಷಣವೂ ತಡವರಿಸಲಿಲ್ಲ. "ವಾಸ್ತು ಸಾರ್. ಈಶಾನ್ಯದ ಕೋಣೇಲಿ ತಲೆ ಮೇಲೆ ಏನೂ ತಿರುಗಬಾರದಂತೆ. ಓದೋ ಮಕ್ಕಳಿಗೆ ಹೇಳಿ ಮಾಡಿಸಿದ ರೂಮು."

ಬ್ರೋಕರ್ ಚಪ್ಪಾಳೆ ತಟ್ಟಿದ. "ಭೇಷ್! ಕೆಲಸ ನಿಮ್ದೇ. ಇಂಥ ಮನೆಗಳನ್ನೆಲ್ಲ ಇನ್ಮೇಲೆ ನಿಮಗೇ ಬಿಡ್ತೀನಿ."

"ಇಂಥ ಮನೆ ಅಂದ್ರೆ?"

ಅವನು ದನಿ ತಗ್ಗಿಸಿದ. "ಹಿಂದೆ ಇದ್ದವರ ಹುಡುಗಿ ಇಲ್ಲಿದ್ದ ಫ್ಯಾನಿಗೇ ನೇಣು ಹಾಕ್ಕೊಂಡ್ಲು. ಕೊಕ್ಕೆ ಸಮೇತ ಕೊಯ್ಸಿ ತೆಗೆಸಿದ್ವಿ. ಅದಿರ್ಲಿ, ನಾವು ಬ್ರೋಕರ್‌ಗಳು ವರ್ಷಗಟ್ಟಲೆ ಹೇಳ್ಕೊಂಡು ಬಂದಿರೋ ಉತ್ತರ ಇದು. ನಿಮಗೆ ಹೇಗೆ ಹೊಳೀತು?"

ಅವಳ ಕಣ್ಣು ಆಗಲೇ ಬೋಳು ಚಾವಣಿಯ ಮೇಲೆ ನೆಟ್ಟಿತ್ತು.

"ನಮಗೆ ಈಗಿರೋ ಮನೆ ಕೊಡಿಸಿದ ಬ್ರೋಕರ್ ಹೇಳಿದ್ದು ಸಾರ್. ಅಲ್ಲಿನ ಫ್ಯಾನಿಲ್ಲದ ರೂಮಲ್ಲಿ ನನ್ನ ಮಗಳು ಮಲಗ್ತಾಳೆ."